ಹಲಸಿನ ಅಂಟು, ಮದುವೆಯ ಮೇಕಪ್ಪು

ಮೇ ತಿಂಗಳ ಮದುವೆಗಳು ಮುಗಿಯುತ್ತಿದ್ದಂತೆ ಮಡಿಕೇರಿಯ ನನ್ನ ಕ್ಲಿನಿಕ್ಕಿಗೆ ಒಂದೇ ಬಗೆಯ ಮುಖಗಳು ಬರತೊಡಗುತ್ತವೆ. ಕೆನ್ನೆ ಕೆಂಪಗೆ ಉರಿಯುತ್ತಿರುತ್ತದೆ, ಕಣ್ಣಿನ ಸುತ್ತ ಚರ್ಮ ಒಣಗಿ ಸಿಪ್ಪೆ ಏಳುತ್ತಿರುತ್ತದೆ. ಹೀಗೆ ಬಂದ ಒಬ್ಬ ಮದುಮಗಳು ತನ್ನ ಬಿಳಿ ಟವೆಲನ್ನೇ ಕವರಿನಲ್ಲಿ ಹಾಕಿಕೊಂಡು ಬಂದಿದ್ದಳು. ಬೆಳಿಗ್ಗೆ ಆರಕ್ಕೆ ಹಚ್ಚಿದ ಮೇಕಪ್ಪು. ಮುಹೂರ್ತ, ಊಟ, ಫೋಟೋ ಎಲ್ಲ ಆಗಿ ಕೊನೆಗೆ ಗಂಗಾ ಪೂಜೆ. ಬಾವಿಯಿಂದ ನೀರಿನ ಬಿಂದಿಗೆ ಹೊತ್ತು ಬರುವ ಹೆಣ್ಣಿನ ಮುಂದೆ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿ ಬಿಡದೆ ನಿಂತರೆ ಎಷ್ಟು ಹೊತ್ತಾಗುತ್ತದೆಂದು ಕೊಡಗಿನವರಿಗೆ ನಾನು ಹೇಳಬೇಕಿಲ್ಲ. ಅವಳು ಮುಖ ತೊಳೆಯಲು ಹೋದಾಗ ನಡುರಾತ್ರಿ ದಾಟಿತ್ತು. ಸೋಪು ಹಚ್ಚಿ ಮೂರು ಸಲ ತೊಳೆದಿದ್ದಾಳೆ. ಆಮೇಲೆ ಒದ್ದೆ ಟಿಶ್ಯೂ, ಅದೂ ಸಾಲದೆ ಟವೆಲು. ಟವೆಲಿನ ಮೇಲೆ ಕಂದು ಪಟ್ಟೆಗಳು ಒಣಗಿ ಕೂತಿದ್ದವು. "ಇಷ್ಟು ಉಜ್ಜಿದ್ರೂ ಹೋಗ್ಲಿಲ್ಲ ಡಾಕ್ಟ್ರೇ, ಮೇಕಪ್ಪೇ ಅಲರ್ಜಿ ಆಗಿದೆ" ಅಂದಳು.

ಅದು ಅಲರ್ಜಿ ಆಗಿರಲಿಲ್ಲ. ಕಣ್ಣಿಗೆ ಕಾಣುತ್ತಿದ್ದುದೆಲ್ಲ ಉಜ್ಜಿದ ಗಾಯ.

ಮನೆಯಲ್ಲಿ ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಏನು ಹಚ್ಚಿಕೊಳ್ಳುತ್ತೀರಿ ಎಂದು ಕೇಳಿದೆ. ಕೊಬ್ಬರಿ ಎಣ್ಣೆ ಅಂದಳು. ಹಚ್ಚದೆ ಬಿಡಿಸಿ ಅಂಟು ಮೆತ್ತಿಕೊಂಡರೆ? ಆಗಲೂ ಎಣ್ಣೆಯೇ. ನೀರಲ್ಲಿ ತೊಳೆದರೆ ಹಲಸಿನ ಮೇಣ ಇನ್ನಷ್ಟು ಗಟ್ಟಿಯಾಗಿ ಬೆರಳ ಸಂದಿಗೆ ಕೂರುತ್ತದೆ, ಎರಡು ಹನಿ ಎಣ್ಣೆ ಹಾಕಿ ತಿಕ್ಕಿದರೆ ಕರಗಿ ಬಿಡುತ್ತದೆ. ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಈ ವಿಷಯ ಕನ್ನಡಿಯ ಮುಂದೆ ನಿಂತಾಗ ಮರೆತುಹೋಗುತ್ತದೆ. ಇಡೀ ದಿನ ನಿಲ್ಲುವಂತೆ ಮಾಡಿದ ಫೌಂಡೇಶನ್, ನೀರಿಗೆ ಜಗ್ಗದ ಮಸ್ಕಾರ, ತುಟಿ ಬಿಟ್ಟು ಕದಲದ ಲಿಪ್‌ಸ್ಟಿಕ್ ಎಲ್ಲದರಲ್ಲೂ ಇರುವುದು ಮೇಣ, ಎಣ್ಣೆ, ಸಿಲಿಕೋನ್, ಪದರ ಕಟ್ಟುವ ಪಾಲಿಮರ್. ಬಣ್ಣ ಕೊಡುವ ಐರನ್ ಆಕ್ಸೈಡಿನ ಕಣಗಳಿಗೂ ನೀರು ಅಂಟದಂತೆ ಹೊದಿಕೆ ಹಾಕಿರುತ್ತಾರೆ. ನೀರನ್ನು ದೂರವಿಡಲೆಂದೇ ತಯಾರಿಸಿದ್ದನ್ನು ನೀರಿನಿಂದ ತೆಗೆಯಲು ಹೊರಟರೆ ಕೈಯ ಬಲ ಹೆಚ್ಚಿಸದೆ ಬೇರೆ ದಾರಿ ಇರುವುದಿಲ್ಲ. ಆ ಬಲವೆಲ್ಲ ಬೀಳುವುದು ಚರ್ಮದ ಮೇಲೆ.

ಸಂಪಾಜೆ ಕಡೆಯ ಯಕ್ಷಗಾನ ಕಲಾವಿದರನ್ನು ಕೇಳಿ ನೋಡಿ. ರಾತ್ರಿಯಿಡೀ ಮುಖದ ಮೇಲಿದ್ದ ಬಣ್ಣವನ್ನು ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಅವರು ತೆಗೆಯುವುದು ತೆಂಗಿನೆಣ್ಣೆಯಿಂದ. ಮೊದಲು ಎಣ್ಣೆ, ಸೋಪು ಆಮೇಲೆ. ಈ ಕ್ರಮ ಅವರಿಗೆ ಯಾವ ಡಾಕ್ಟರೂ ಹೇಳಿಕೊಟ್ಟಿದ್ದಲ್ಲ.

ಹಾಗಾದರೆ ಮನೆಯ ಕೊಬ್ಬರಿ ಎಣ್ಣೆಯೇ ಸಾಕಲ್ಲ, ಮೇಕಪ್ಪು ತೆಗೆಯಲೆಂದೇ ಮಾಡಿದ ಕ್ಲೆನ್ಸಿಂಗ್ ಆಯಿಲನ್ನು ಅಂಗಡಿಯಿಂದ ಯಾಕೆ ತರಬೇಕು? ನ್ಯಾಯವಾದ ಪ್ರಶ್ನೆ. ಇದಕ್ಕೆ ನಾನು ಬಾಯಲ್ಲಿ ಉತ್ತರ ಹೇಳುವುದಿಲ್ಲ. ಮೇಜಿನ ಮೇಲೆ ಎರಡು ಬಾಟಲಿ ಇಟ್ಟುಕೊಂಡಿದ್ದೇನೆ. ಕೇಳಿದವರ ಒಂದು ಅಂಗೈಗೆ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ಕ್ಲೆನ್ಸಿಂಗ್ ಆಯಿಲ್, ಎರಡರ ಮೇಲೂ ನಾಲ್ಕು ಹನಿ ನೀರು. ಕೊಬ್ಬರಿ ಎಣ್ಣೆಯ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ಉರುಳಾಡುತ್ತದೆ, ಎಷ್ಟು ತಿಕ್ಕಿದರೂ ಜಿಡ್ಡು ಜಿಡ್ಡೇ. ಇನ್ನೊಂದು ಅಂಗೈಯಲ್ಲಿ ಬೆರಳಾಡಿಸಿದ ಕೂಡಲೇ ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ, ನಲ್ಲಿ ಕೆಳಗೆ ಹಿಡಿದರೆ ಹರಿದು ಹೋಗುತ್ತದೆ. ಅದರಲ್ಲಿ ಎಮಲ್ಸಿಫೈಯರ್ ಇರುತ್ತದೆ. ಒಂದು ತುದಿಯಲ್ಲಿ ಎಣ್ಣೆಯನ್ನೂ ಇನ್ನೊಂದು ತುದಿಯಲ್ಲಿ ನೀರನ್ನೂ ಹಿಡಿಯುವ ಅಣುಗಳು ಅವು. ಎಣ್ಣೆ ಕರಗಿಸಿಕೊಂಡ ಮೇಕಪ್ಪನ್ನು ಚರ್ಮದಿಂದ ಬಿಡಿಸಿ ನೀರಿನ ಜೊತೆ ಕಳಿಸಿಕೊಡುವುದು ಅವುಗಳ ಕೆಲಸ.

ನಮ್ಮ ಅಜ್ಜಿಯರಿಗೂ ಈ ಎರಡನೇ ಹೆಜ್ಜೆ ಗೊತ್ತಿತ್ತು. ನರಕ ಚತುರ್ದಶಿಯ ಎಣ್ಣೆ ಸ್ನಾನದಲ್ಲಿ ಎಣ್ಣೆ ಹಚ್ಚಿ ಹಾಗೇ ಬಿಡುತ್ತಿದ್ದರೇ? ಹಂಡೆಯ ಬಿಸಿನೀರು, ಸೀಗೆಕಾಯಿ, ಕಡಲೆಹಿಟ್ಟು ಬೇಕೇಬೇಕಿತ್ತು. ಸೀಗೆಯಲ್ಲಿರುವ ಸಪೋನಿನ್ ಮಾಡುತ್ತಿದ್ದುದೂ ಜಿಡ್ಡನ್ನು ನೀರಿಗೆ ಬೆರೆಸುವ ಇದೇ ಕೆಲಸವನ್ನು. ಎರಡನೇ ಶತಮಾನದಲ್ಲಿ ರೋಮಿನ ವೈದ್ಯ ಗೇಲನ್ ಆಲಿವ್ ಎಣ್ಣೆ, ಜೇನುಮೇಣ, ಗುಲಾಬಿ ನೀರು ಕಲಸಿ ಮಾಡಿದ ಲೇಪವೇ ಮುಂದೆ ಕೋಲ್ಡ್ ಕ್ರೀಮ್ ಆಯಿತು. ಆದರೆ ಅದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬೇಕಿತ್ತು. ಎಣ್ಣೆ ಮತ್ತು ಎಮಲ್ಸಿಫೈಯರನ್ನು ಒಂದೇ ಬಾಟಲಿಗೆ ತಂದ ಕ್ಲೆನ್ಸಿಂಗ್ ಆಯಿಲನ್ನು ಜಪಾನಿನ ಮೇಕಪ್ ಕಲಾವಿದ ಶು ಉಯೆಮುರಾ 1967ರಲ್ಲಿ ಮಾರಾಟಕ್ಕೆ ತಂದರು. ದಿನವೂ ಹತ್ತಾರು ಮುಖಗಳಿಗೆ ಬಣ್ಣ ಹಚ್ಚಿ ತೆಗೆಯುವವರಿಗೇ ಇದು ಹೊಳೆದದ್ದು ನನಗೆ ಸಹಜವಾಗಿ ಕಾಣುತ್ತದೆ.

ನನ್ನ ವೃತ್ತಿಯ ಮೊದಲ ವರ್ಷಗಳಲ್ಲಿ ಮೊಡವೆ ಇರುವ ಯಾರು ಬಂದರೂ "ಮುಖಕ್ಕೆ ಎಣ್ಣೆ ಸೋಕಿಸಬೇಡಿ" ಎಂದು ಒಂದೇ ಮಾತು ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಹಚ್ಚಿಕೊಂಡು ಮಲಗುವ ಎಣ್ಣೆ ಬೇರೆ, ಒಂದು ನಿಮಿಷ ಮುಖದ ಮೇಲಿದ್ದು ತೊಳೆದು ಹೋಗುವ ಎಣ್ಣೆ ಬೇರೆ. ಅರ್ಧಂಬರ್ಧ ಉಳಿದ ಮೇಕಪ್ಪು, ಅದನ್ನು ತೆಗೆಯಲು ದಿನಕ್ಕೆ ಎರಡು ಮೂರು ಸಲ ಹಚ್ಚುವ ಸೋಪು, ಇವುಗಳಿಂದ ಮೊಡವೆಯ ಮುಖ ಹೆಚ್ಚು ನರಳುವುದನ್ನು ನಾನು ಕಂಡಿದ್ದೇನೆ. ಮಾಮೂಲಿ ಮೈಸೋಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 9ರಿಂದ 10ರಷ್ಟಿರುತ್ತದೆ, ಆರೋಗ್ಯವಂತ ಚರ್ಮದ್ದು ಸುಮಾರು 5. ಸೋಪಿನ ಆ ಕ್ಷಾರಕ್ಕೆ ಚರ್ಮದ ಮೇಲ್ಪದರದ ಕೊಬ್ಬು ತೊಳೆದುಹೋಗಿ, ಅಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ಆಮೇಲೆ ಮೊಡವೆಯ ಮುಲಾಮು ಹಚ್ಚಿದರೂ ಉರಿ, ಸನ್‌ಸ್ಕ್ರೀನ್ ಹಚ್ಚಿದರೂ ಉರಿ.

ಆದರೂ ಕೊಡಗಿನ ಮಳೆಗಾಲದಲ್ಲಿ ಒಂದು ಎಚ್ಚರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಬೆಲ್ಟಿಗೂ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅದೇ ತೇವದಲ್ಲಿ ಚರ್ಮದ ಮೇಲಿನ ಮಲಸೀಜಿಯಾ ಎಂಬ ಯೀಸ್ಟ್ ಕೂಡ ಹುಲುಸಾಗಿ ಬೆಳೆಯುತ್ತದೆ. ಹಣೆ, ಕೂದಲಂಚು, ಬೆನ್ನಿನಲ್ಲಿ ಸಾಸಿವೆ ಕಾಳಿನಂತೆ ಒಂದೇ ಅಳತೆಯ ಗುಳ್ಳೆಗಳು ಎದ್ದು ತುರಿಸಿದರೆ ಅದು ಮೊಡವೆಯಲ್ಲ, ಬಹುತೇಕ ಈ ಯೀಸ್ಟಿನದೇ ಕೆಲಸ. ಗಿಡದ ಎಣ್ಣೆಗಳಲ್ಲಿರುವ ಕೊಬ್ಬಿನಾಮ್ಲ ಅದಕ್ಕೆ ಆಹಾರ. ಇಂಥವರು ಆಲಿವ್ ಎಣ್ಣೆ, ಕೊಬ್ಬರಿ ಎಣ್ಣೆ ಆಧಾರದ ಕ್ಲೆನ್ಸರ್ ಬಿಡಬೇಕು. ಪೆಟ್ರೋಲಿಯಂನಿಂದ ತೆಗೆದು ಶುದ್ಧ ಮಾಡಿದ ಮಿನರಲ್ ಆಯಿಲ್ ಅಥವಾ ಸ್ಕ್ವಾಲೇನ್ ಎಂಬ ಎಣ್ಣೆಯ ಆಧಾರದ್ದು ಹಿಡಿಸುತ್ತದೆ. ಮಿನರಲ್ ಆಯಿಲ್ ಎಂದೊಡನೆ ಪೆಟ್ರೋಲು ಎಂದು ಮುಖ ಸಿಂಡರಿಸುವವರಿದ್ದಾರೆ. ಸೌಂದರ್ಯವರ್ಧಕಗಳಿಗೆ ಬಳಸುವಷ್ಟು ಶುದ್ಧ ಮಾಡಿದ ಮಿನರಲ್ ಆಯಿಲ್ ರಂಧ್ರ ಕಟ್ಟುವುದಿಲ್ಲ, ಅಲರ್ಜಿಯೂ ಬಹಳ ಅಪರೂಪ. ಅದರ ಬಗ್ಗೆ ಇರುವ ಭಯ ಅನಗತ್ಯ ಎಂದೇ ನನ್ನ ಅಭಿಪ್ರಾಯ.

ನನಗೆ ಈ ವಿಷಯ ಇಷ್ಟು ಮುಖ್ಯವಾಗಲು ಕಾರಣ ಬಂಗು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿದೆ. ಸಾವಿರ ಮೀಟರ್ ಮೇಲೇರಿದರೆ ಅತಿನೇರಳೆ ಕಿರಣ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ತಂಪು ಗಾಳಿಯಲ್ಲಿ ಬಿಸಿಲು ಚುರುಕು ಅನ್ನಿಸದೆ ಇರುವುದರಿಂದ ತೋಟದಲ್ಲಿ ಕಾಫಿ ಕುಯ್ಯುವವರಿಗೂ, ಶಾಲೆಯ ಮೈದಾನದಲ್ಲಿ ನಿಲ್ಲುವ ಟೀಚರಿಗೂ, ಹಾಕಿ ಆಡುವ ಹುಡುಗಿಯರಿಗೂ ಅದು ಗೊತ್ತೇ ಆಗುವುದಿಲ್ಲ. ಕೆನ್ನೆಯ ಮೇಲೆ ಬಂಗು ಬಂದವರು ಅದನ್ನು ಮುಚ್ಚಲು ದಪ್ಪ ಮೇಕಪ್ಪು ಹಚ್ಚುತ್ತಾರೆ, ಸಂಜೆ ಅದೇ ಜಾಗವನ್ನು ಉಜ್ಜಿ ಉಜ್ಜಿ ತೊಳೆಯುತ್ತಾರೆ. ನಮ್ಮ ಕಂದು ಚರ್ಮದ ಗುಣ ಏನೆಂದರೆ, ಎಲ್ಲಿ ಕೆರೆದರೂ ಉಜ್ಜಿದರೂ ಆ ಜಾಗ ಕಪ್ಪಾಗಿ ಉತ್ತರ ಕೊಡುತ್ತದೆ. ಬೆಳಿಗ್ಗೆ ಮುಚ್ಚಿದ ಕಲೆಯನ್ನು ರಾತ್ರಿ ತಾವೇ ಬೆಳೆಸುತ್ತಿರುತ್ತಾರೆ. ದುಬಾರಿ ಮುಲಾಮಿಗೆ ಬಗ್ಗದ ಬಂಗು, ಟವೆಲು ಬಿಟ್ಟು ಸನ್‌ಸ್ಕ್ರೀನ್ ಸರಿಯಾಗಿ ಹಚ್ಚತೊಡಗಿದ ಮೇಲೆ ಔಷಧಕ್ಕೆ ಒಗ್ಗತೊಡಗಿದ್ದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಈಗ ಹಚ್ಚುವ ಬಗೆ. ಕೈ ತೊಳೆದು ಪೂರ್ತಿ ಒರೆಸಿಕೊಳ್ಳಿ. ಮುಖವೂ ಒಣಗಿರಬೇಕು. ನೂರಕ್ಕೆ ಎಂಬತ್ತು ಜನ ತಪ್ಪುವುದು ಇಲ್ಲೇ ಎಂದರೆ ಅದು ನಾನು ಕಟ್ಟಿದ ಲೆಕ್ಕವಾದೀತು, ಆದರೆ "ಎಣ್ಣೆ ಕೆಲಸ ಮಾಡಲಿಲ್ಲ" ಎಂದು ಬಂದವರನ್ನು ಕೇಳಿದರೆ ಮೊದಲು ಮುಖಕ್ಕೆ ನೀರು ಚಿಮುಕಿಸಿಕೊಂಡೆ ಎನ್ನುವವರೇ ಜಾಸ್ತಿ. ನೀರು ಸೋಕಿದ ಕೂಡಲೇ ಎಣ್ಣೆ ಹಾಲಾಗುತ್ತದೆ, ಮೇಕಪ್ಪನ್ನು ಕರಗಿಸುವ ಶಕ್ತಿ ಆಗಲೇ ಕಳೆದುಕೊಳ್ಳುತ್ತದೆ. ಎರಡು ಮೂರು ಪಂಪ್, ಅಂದರೆ ಅರ್ಧ ಟೀ ಚಮಚದಷ್ಟು ಎಣ್ಣೆ ಧಾರಾಳವಾಗಿ ಬೇಕು. ಕಡಿಮೆಯಾದರೆ ಬೆರಳು ಜಾರುವುದಿಲ್ಲ, ಚರ್ಮವನ್ನು ಎಳೆಯುತ್ತದೆ. ಅಂಗೈ ಎರಡನ್ನೂ ಸೇರಿಸಿ ಬೆಚ್ಚಗಾಗಿಸಿ ಕೆನ್ನೆ, ಹಣೆ, ಗದ್ದಕ್ಕೆ ಇಡಿ. ಉಂಗುರದ ಬೆರಳಿನ ತುದಿಯಿಂದ ಸಣ್ಣ ಸುತ್ತುಗಳು, ಮಗುವಿನ ಕೆನ್ನೆ ಸವರುವಷ್ಟೇ ಹಗುರ. ಅರ್ಧ ನಿಮಿಷದಲ್ಲಿ ಫೌಂಡೇಶನ್ ಬೆರಳಿನ ಕೆಳಗೆ ಕೆಸರಿನಂತೆ ಸಡಿಲವಾಗುವುದು ತಿಳಿಯುತ್ತದೆ. ಮೂಗಿನ ಪಕ್ಕದ ಸಂದು, ಹುಬ್ಬಿನ ಒಳಗೆ, ಕಿವಿಯ ಮುಂದೆ ಕೂದಲು ಶುರುವಾಗುವ ಅಂಚು, ಈ ಮೂರು ಕಡೆ ಬಣ್ಣ ಉಳಿಯುತ್ತದೆ, ಮರೆಯಬೇಡಿ.

ಕಣ್ಣಿಗೆ ಕೊನೆಯಲ್ಲಿ ಬನ್ನಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಎಣ್ಣೆ ಮುಟ್ಟುವ ಮೊದಲೇ ತೆಗೆದಿರಬೇಕು. ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ಬೆರಳನ್ನು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ಇಟ್ಟರೆ ಮಸ್ಕಾರ ತಾನಾಗಿ ಮೆತ್ತಗಾಗುತ್ತದೆ, ಆಮೇಲೆ ಕೆಳಮುಖವಾಗಿ ಸವರಿ. ಸ್ವಲ್ಪ ಎಣ್ಣೆ ಒಳಗೆ ಹೋದರೆ ನೋಟ ಕೆಲವು ನಿಮಿಷ ಮಂಜಾಗುತ್ತದೆ, ನೀರಲ್ಲಿ ತೊಳೆದರೆ ಸರಿಹೋಗುತ್ತದೆ. ಕಾಡಿಗೆಯನ್ನು ರೆಪ್ಪೆಯಂಚಿನಲ್ಲಿ ದಿನಗಟ್ಟಲೆ ಬಿಡುವುದು ಇದಕ್ಕಿಂತ ಕೆಟ್ಟದ್ದು. ಅಲ್ಲಿ ಕಣ್ಣೀರನ್ನು ಆರದಂತೆ ಇಡುವ ಎಣ್ಣೆಗ್ರಂಥಿಗಳ ಬಾಯಿಗಳಿವೆ, ಅವು ಮುಚ್ಚಿಕೊಂಡರೆ ಕಣ್ಣು ಉರಿಯುತ್ತದೆ, ಕುರು ಏಳುತ್ತದೆ. ಅಂಟಿಸುವ ಕೃತಕ ರೆಪ್ಪೆ ಹಾಕಿಸಿಕೊಂಡವರು ಮಾತ್ರ ಅಲ್ಲಿಗೆ ಎಣ್ಣೆ ತಾಗಿಸಬಾರದು, ಅಂಟು ಬಿಟ್ಟುಕೊಳ್ಳುತ್ತದೆ. ಸ್ಟಿಕರ್ ಬಿಂದಿಯ ಅಂಟಿಗೆ ಇದೇ ಗುಣ ವರವಾಗುತ್ತದೆ: ಹಣೆಯ ಮೇಲುಳಿದ ಅಂಟನ್ನು ಉಗುರಿನಿಂದ ಕೆರೆಯದೆ ಎಣ್ಣೆಯಿಂದ ತೆಗೆಯಿರಿ. ಕೆಲವು ಅಂಟುಗಳಲ್ಲಿರುವ ಬ್ಯುಟೈಲ್ ಫಿನಾಲ್ ಜಾತಿಯ ರಾಸಾಯನಿಕದಿಂದ ಬಿಂದಿಯಿಟ್ಟ ಜಾಗ ಬೆಳ್ಳಗಾಗುವುದುಂಟು. ಅಂಥ ಬಿಳಿ ಚುಕ್ಕೆ ಕಂಡರೆ ಬಿಂದಿ ನಿಲ್ಲಿಸಿ ತಕ್ಷಣ ತೋರಿಸಿಕೊಳ್ಳಿ.

ಎಲ್ಲ ಕರಗಿದ ಮೇಲೆ ಕೈ ಒದ್ದೆ ಮಾಡಿಕೊಂಡು ಮತ್ತೆ ಮುಖದ ಮೇಲಾಡಿಸಿ. ಮುಖವೆಲ್ಲ ಬೆಳ್ಳಗಾಗಬೇಕು. ಈ ಹಾಲಾಗುವ ಹೆಜ್ಜೆಗೆ ಅರ್ಧ ನಿಮಿಷ ಕೊಡಿ, ಇದನ್ನು ಹಾರಿಸಿದರೆ ಜಿಡ್ಡು ಉಳಿದು ಮೊಡವೆಗೆ ದಾರಿಯಾಗುತ್ತದೆ. ತೊಳೆಯಲು ಉಗುರುಬೆಚ್ಚಗಿನ ನೀರು. ಡಿಸೆಂಬರ್ ಬೆಳಗಿನ ನಲ್ಲಿ ನೀರಿನಲ್ಲಿ ಮೇಣ ಗಟ್ಟಿಯಾಗಿ ಕೂರುತ್ತದೆ, ಹಂಡೆಯ ಸುಡುನೀರು ಚರ್ಮವನ್ನು ಒಣಗಿಸುತ್ತದೆ. ಆಮೇಲೆ ಸೌಮ್ಯ ಫೇಸ್‌ವಾಶ್ ಬೇಕೇ? ಮದುವೆ ಮೇಕಪ್ಪಿಗೆ, ಎಣ್ಣೆ ಚರ್ಮಕ್ಕೆ ಹೌದು. ಬರಿಯ ಸನ್‌ಸ್ಕ್ರೀನ್ ಹಚ್ಚಿದ ಒಣ ಚರ್ಮದವರಿಗೆ ಎಣ್ಣೆಯೊಂದೇ ಸಾಕು. ಟವೆಲಿನಿಂದ ಒತ್ತಿಕೊಳ್ಳಿ, ಒರೆಸಬೇಡಿ.

ಇಪ್ಪತ್ತು ನಿಮಿಷ ಮಸಾಜ್ ಮಾಡಿ ಮೂಗಿನಿಂದ ಕಪ್ಪು ಕಾಳು ಉದುರಿಸುವ ವಿಡಿಯೋ ನೋಡಿ ಹಾಗೇ ಮಾಡಲು ಹೊರಟ ಹುಡುಗಿಯರಿಗೆ ನಾನು ಗಟ್ಟಿಯಾಗಿಯೇ ಬೇಡ ಅನ್ನುತ್ತೇನೆ. ಉದುರುವುದರಲ್ಲಿ ಹೆಚ್ಚಿನದು ಸತ್ತ ಚರ್ಮ, ಎಣ್ಣೆ, ಧೂಳು ಉಂಡೆಗಟ್ಟಿದ್ದು. ಉಳಿಯುವುದು ಉರಿ. ಹಾಗೆಯೇ ಹೊಸ ಎಣ್ಣೆ ಶುರು ಮಾಡಿ ತಿಂಗಳಾದರೂ ಗುಳ್ಳೆ ಏಳುತ್ತಿದ್ದರೆ "ಒಳಗಿನ ಕೊಳೆ ಹೊರಗೆ ಬರ್ತಿದೆ" ಎಂಬ ಮಾತು ನಂಬಬೇಡಿ. ಚರ್ಮದ ಕೋಶಗಳು ಬೇಗ ಬದಲಾಗುವಂತೆ ಮಾಡುವ ಔಷಧಗಳಲ್ಲಿ ಹಾಗಾಗಬಹುದು, ತೊಳೆಯುವ ಎಣ್ಣೆಗೆ ಆ ಶಕ್ತಿ ಇಲ್ಲ. ಆ ಎಣ್ಣೆ ನಿಮಗೆ ಆಗಿಬರುತ್ತಿಲ್ಲ, ಅಷ್ಟೇ.

ಕೊಳ್ಳುವಾಗ ಬೆಲೆ ನೋಡಬೇಡಿ, ಹಿಂದಿನ ಚೀಟಿ ಓದಿ. ಪಾಲಿಗ್ಲಿಸರಿಲ್, ಪೆಗ್ (PEG), ಸಾರ್ಬೆತ್ ಎಂದು ಶುರುವಾಗುವ ಒಂದಾದರೂ ಹೆಸರು ಇದ್ದರೆ ಅದು ನೀರಿಗೆ ಬೆರೆಯುವ ಎಣ್ಣೆ. ಇಂಥ ಯಾವ ಎಮಲ್ಸಿಫೈಯರೂ ಇಲ್ಲದಿದ್ದರೆ ಚಂದದ ಬಾಟಲಿಯಲ್ಲಿರುವ ಬರಿಯ ಎಣ್ಣೆ. ಸುಗಂಧ ಕಡಿಮೆಯಿದ್ದಷ್ಟೂ ಒಳ್ಳೆಯದು, ಕಿತ್ತಳೆ ಲ್ಯಾವೆಂಡರ್ ಪರಿಮಳ ಸೂಕ್ಷ್ಮ ಚರ್ಮಕ್ಕೆ ತುರಿಕೆ ತರಬಹುದು. ಮೊದಲು ಮೂರು ದಿನ ಕಿವಿಯ ಹಿಂದೆ ಹಚ್ಚಿ ನೋಡಿ. ಕಮಟು ವಾಸನೆ ಬಂದ ಬಾಟಲಿಯನ್ನು ಎಸೆಯಿರಿ.

ಮಳೆಗಾಲದ ರಾತ್ರಿ ನೆಂಟರ ಮನೆಯಿಂದ ತಡವಾಗಿ ಬಂದಿರಿ, ಮರ ಬಿದ್ದು ಕರೆಂಟ್ ಹೋಗಿದೆ, ಗೀಸರ್ ಇಲ್ಲ, ಒಲೆ ಹಚ್ಚುವ ತ್ರಾಣವೂ ಇಲ್ಲ ಅಂತಿಟ್ಟುಕೊಳ್ಳಿ. ಕುಳಿತಲ್ಲೇ ಎಣ್ಣೆ ಹಚ್ಚಿ, ಒಂದು ನಿಮಿಷ ಸವರಿ. ಫ್ಲಾಸ್ಕಿನಲ್ಲಿ ಉಳಿದ ಬಿಸಿನೀರಿಗೆ ತಣ್ಣೀರು ಬೆರೆಸಿ ಅದರಲ್ಲೇ ಮುಖ ಹಾಲಾಗಿಸಿ ತೊಳೆಯಿರಿ, ಒಂದು ಚೊಂಬು ಸಾಕು. ಫೇಸ್‌ವಾಶ್ ಬೆಳಿಗ್ಗೆ ಮಾಡಿದರೂ ನಡೆಯುತ್ತದೆ. ಟವೆಲನ್ನು ಮಾತ್ರ ಮೊಳೆಯಲ್ಲೇ ಬಿಟ್ಟು ಮಲಗಿ.