ಮ್ಯಾಟ್ ಬಂತು, ಸುಣ್ಣ ಹಾಕುವ ಅಣ್ಣ ಬರ್ಲಿಲ್ಲ

ಉಡುಪಿ, ಮಂಗಳೂರು ಕಡೆಯ ಯುವಕ ಮಂಡಲ, ಕಬಡ್ಡಿ ಕ್ಲಬ್‌ಗಳ ಲೆಕ್ಕಪತ್ರ, ಬೈಲಾ ನೋಡಿಕೊಡುವುದು ನನ್ನ ಕೆಲಸ. ದುಡ್ಡಿಲ್ಲದೆ ನಿಂತ ಕ್ಲಬ್‌ಗಿಂತ ಸದಸ್ಯರನ್ನು ಒಂದು ಮಾತು ಕೇಳದೆ ಸೊರಗಿದ ಕ್ಲಬ್ಬನ್ನೇ ನಾನು ಹೆಚ್ಚು ನೋಡಿದ್ದು.

ಒಂದು ಕಡೆ ಗಲ್ಫಲ್ಲಿರುವ ಸದಸ್ಯರೊಬ್ಬರು ದುಡ್ಡು ಕೊಟ್ರು, ಕಮಿಟಿಯ ಏಳು ಜನ ಕೂತು ಮಣ್ಣಿನ ಅಂಕಣ ತೆಗೆದು ಮ್ಯಾಟ್ ಹಾಕುವುದು ಅಂತ ತೀರ್ಮಾನ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ರು, ಎಲ್ಲರೂ ಹೆಬ್ಬೆರಳು ಒತ್ತಿದ್ರು, ಅಲ್ಲಿಗೆ ಒಪ್ಪಿಗೆ ಆಯ್ತು ಅಂದ್ಕೊಂಡ್ರು. ಎಷ್ಟೋ ವರ್ಷದಿಂದ ಬೆಳಿಗ್ಗೆ ಬೇಗ ಬಂದು ಅಂಕಣಕ್ಕೆ ನೀರು ಹಾಕಿ, ರೋಲರ್ ಎಳೆದು, ಹಗ್ಗ ಹಿಡಿದು ಸುಣ್ಣದ ಗೆರೆ ಹಾಕ್ತಿದ್ದ ಅಣ್ಣ ಒಬ್ಬರು ಇದ್ರು, ಅವರು ಬರುವುದೇ ನಿಲ್ಲಿಸಿದ್ರು. ಜಗಳ ಇಲ್ಲ, ರಾಜೀನಾಮೆ ಇಲ್ಲ, ಕೇಳಿದ್ರೆ "ಮನೆಯಲ್ಲಿ ಸ್ವಲ್ಪ ಕೆಲಸ ಉಂಟು" ಅಷ್ಟೇ. ಹೊನಲು ಬೆಳಕಿನ ಪಂದ್ಯಾಟದ ದಿನ ಗ್ಯಾಲರಿ ಕಟ್ಲಿಕ್ಕೆ, ಊಟ ಬಡಿಸ್ಲಿಕ್ಕೆ ಜನ ಇಲ್ಲ.

ಸಂಬಳ ಇಲ್ಲದ ಕಡೆ ಸಿಟ್ಟು ಹೀಗೇ ಕಾಣುವುದು, ಸುಮ್ಮನೆ ಬರುವುದು ಬಿಡ್ತಾರೆ.

ಆಮೇಲೆ ಇಬ್ಬರು ಹೋಗಿ ಆ ಅಣ್ಣನ ಮನೆ ಜಗಲಿಯಲ್ಲಿ ಕೂತು ಮಾತಾಡಿದ್ರು. ಅವರು ಕೇಳಿದ್ದು ಒಂದೇ, "ಜೂನಲ್ಲಿ ಈ ಮ್ಯಾಟ್ ಎಲ್ಲಿ ಇಡ್ತೀರಿ?" ಕಮಿಟಿಯಲ್ಲಿ ಯಾರೂ ಯೋಚಿಸಿರಲಿಲ್ಲ! ನಮ್ಮ ಮಳೆಗಾಲದಲ್ಲಿ ಒದ್ದೆ ಶೆಡ್ಡಿನ ನೆಲಕ್ಕೆ ಹಾಕಿದ್ರೆ ಬೂಷ್ಟು ಹಿಡಿಯುವುದು ಗ್ಯಾರಂಟಿ. ಅವರು ಹೇಳಿದ ಅಳತೆಗೆ ಅಟ್ಟ ಕಟ್ಟಿದ್ರು, ಸಣ್ಣ ಮಕ್ಕಳಿಗೆ ಅಂತ ಬದಿಯಲ್ಲಿ ಒಂದು ಮಣ್ಣಿನ ಅಂಕಣವೂ ಉಳೀತು.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಣಿಯಾದ ಕ್ಲಬ್ ವರ್ಷಕ್ಕೊಮ್ಮೆ ಮಹಾಸಭೆ ಮಾಡ್ಲೇಬೇಕು, ಅದು ಸರಿ. ಆದ್ರೆ ಮಹಾಸಭೆಯ ಮೈಕಿನೆದುರು ಹೆಚ್ಚಿನವರು ಬಾಯಿ ಬಿಡುವುದಿಲ್ಲ, ಅದೇ ಜನ ಅಂಕಣದ ಬದಿಯಲ್ಲಿ ಚಾ ಕುಡೀತಾ ತುಳುವಿನಲ್ಲಿ ಕೇಳಿದ್ರೆ ಎಲ್ಲ ಹೇಳ್ತಾರೆ. ಹಾಗಾಗಿ ಮಹಾಸಭೆಗೆ ಮೊದಲೇ ಆಡುವವರನ್ನು, ಹಿರಿಯರನ್ನು, ಮಕ್ಕಳ ಅಪ್ಪ ಅಮ್ಮಂದಿರನ್ನು ಬೇರೆ ಬೇರೆ ಕೂರಿಸಿ ಕೇಳಿ ಅಂತ ನಾನು ಹೇಳುವುದು. ಕೇಳಿದ ಮೇಲೆ ಯಾವ ಸಲಹೆ ತಗೊಂಡ್ರಿ, ಯಾವುದು ಬಿಟ್ರಿ, ಯಾಕೆ ಬಿಟ್ರಿ ಅಂತ ವಾಪಸ್ ಹೋಗಿ ಹೇಳಲೇಬೇಕು. ಹೆಚ್ಚಿನ ಕಮಿಟಿಯವರು ಇಲ್ಲೇ ತಪ್ಪುವುದು, ಹೇಳದಿದ್ರೆ ಮುಂದಿನ ಸಲ ಯಾರೂ ಬಾಯಿ ತೆರೆಯುವುದಿಲ್ಲ.

ಇದಕ್ಕೆಲ್ಲ ಮಳೆಗಾಲವೇ ಒಳ್ಳೇ ಸಮಯ, ಪಂದ್ಯಾಟ ಇಲ್ಲ, ಯಾರಿಗೂ ಅರ್ಜೆಂಟೂ ಇಲ್ಲ.