ಶಾಲೆ ಇದ್ದರೆ ಕಿನಾಲ್ಡಾ ಮುಂದಕ್ಕೆ ಹಾಕಬಹುದೇ?

ಪ್ರಶ್ನೆ: ಅಮೆರಿಕದ ನವಾಹೋ ಬುಡಕಟ್ಟಿನ ಹುಡುಗಿಯರು ಮೈನೆರೆದಾಗ ಕಿನಾಲ್ಡಾ ಎಂಬ ನಾಲ್ಕು ದಿನದ ಆಚರಣೆ ಇರುತ್ತದಂತೆ. ಹೈಸ್ಕೂಲಿಗೆ ಹೋಗುವವಳಿಗೆ ಇದು ಹೇಗೆ ಸಾಧ್ಯ?

ಉತ್ತರ: ದಿನವನ್ನು ಮುಂದಕ್ಕೆ ಹಾಕುತ್ತಾರೆ, ಆಚರಣೆಯ ನಾಲ್ಕು ರಾತ್ರಿಗಳನ್ನು ಕಡಿಮೆ ಮಾಡುವುದಿಲ್ಲ. ಹಿಂದೆ ಮೊದಲ ಮುಟ್ಟಿನ ಜೊತೆಗೇ ಕಿನಾಲ್ಡಾ ಶುರುವಾಗುತ್ತಿತ್ತು, ಎರಡನೆಯದಕ್ಕೆ ಇನ್ನೊಮ್ಮೆ. ಈಗ ಎಷ್ಟೋ ಮನೆಯವರು ಬೇಸಿಗೆ ರಜೆಗೆ ಕಾಯುತ್ತಾರೆ. ಶಾಲೆಯ ದಿನಗಳಲ್ಲೇ ಆಗಬೇಕೆಂದರೆ ಬುಧವಾರ ಸಂಜೆ ಆರಂಭಿಸಿ ಭಾನುವಾರ ಬೆಳಗ್ಗೆ ಮುಗಿಸಬಹುದು. ತಪ್ಪುವುದು ಎರಡು ದಿನದ ಪಾಠ. ವಿಧಿಯ ಹಾಡುಗಳನ್ನು ಬಲ್ಲ ಹತಾಲಿ ಬಿಡುವಾಗಿರುವ ದಿನವನ್ನೂ ಮೊದಲೇ ಕೇಳಿಟ್ಟುಕೊಳ್ಳಬೇಕು.

ಇಲ್ಲಿ ಹುಡುಗಿಯನ್ನು ಮೂಲೆಯಲ್ಲಿ ಕೂರಿಸುವುದಿಲ್ಲ, ದುಡಿಸುತ್ತಾರೆ. ಹೊಗಾನ್ ಎಂಬ ಸಾಂಪ್ರದಾಯಿಕ ನವಾಹೋ ಮನೆಯ ಬಾಗಿಲು ಪೂರ್ವಕ್ಕಿರುತ್ತದೆ. ಅವಳು ಅಲ್ಲಿಂದ ಸೂರ್ಯ ಹುಟ್ಟುವ ದಿಕ್ಕಿಗೆ ಓಡುತ್ತಾಳೆ, ಪ್ರತಿಸಲ ಇನ್ನಷ್ಟು ದೂರ. ಜೊತೆಗೆ ಓಡುವವರು ಅವಳನ್ನು ಹಿಂದೆ ಹಾಕಬಾರದು, ಹಾಕಿದರೆ ಅವಳಿಗಿಂತ ಮೊದಲೇ ಮುದುಕರಾಗುತ್ತಾರೆ ಎಂಬ ನಂಬಿಕೆ. ಶಾಲೆಯ ಓಟದ ತಂಡದಲ್ಲಿರುವ ಗೆಳತಿಯರಿಗೆ ಇದನ್ನು ಮೊದಲೇ ಹೇಳಿಡಬೇಕು.

ಹೆಚ್ಚು ಕೈ ಬೇಕಾಗುವುದು ಅಲ್ಕಾನ್‌ಗೆ, ಅಂದರೆ ನೆಲದ ಗುಂಡಿಯಲ್ಲಿ ಬೇಯುವ ಮೆಕ್ಕೆಜೋಳದ ದೊಡ್ಡ ಕೇಕಿಗೆ. ಮೆಕ್ಕೆಜೋಳವನ್ನು ಹುಡುಗಿ ಕಲ್ಲಿನ ಮೇಲೆ ಅರೆಯುತ್ತಾಳೆ. ಬಹಳಷ್ಟು ಹಿಟ್ಟನ್ನು ಗಿರಣಿಯಲ್ಲಿ ಮಾಡಿಸಿದರೂ ಒಂದು ಪಾಲನ್ನಾದರೂ ಅವಳೇ ಅರೆಯುವುದು ಸರಿ ಎನ್ನಿಸುತ್ತದೆ, ಅದಿಲ್ಲದಿದ್ದರೆ ಕೇಕ್ ಅವಳದಾಗುವುದಿಲ್ಲ. ಕುದಿಯುವ ನೀರಿಗೆ ಹಿಟ್ಟನ್ನು ಸ್ವಲ್ಪಸ್ವಲ್ಪವೇ ಹಾಕಿ ಕಡ್ಡಿಗಳ ಕಟ್ಟಿನಿಂದ ತಿರುವಬೇಕು. ಒಮ್ಮೆಗೇ ಸುರಿದರೆ ಗಂಟಾಗುತ್ತದೆ. ಸಿಹಿಗೆ ಹಿಂದೆ ಮೊಳಕೆ ಗೋಧಿ, ಈಗ ಸಕ್ಕರೆ, ಒಣದ್ರಾಕ್ಷಿ.

ಗುಂಡಿ ಸುಮಾರು ಒಂದು ಗೇಣು ಆಳವಿದ್ದರೆ ಸಾಕು, ಅಗಲ ಹಿಟ್ಟು ಎಷ್ಟಿದೆ ಎಂಬುದರ ಮೇಲೆ. ಅದರಲ್ಲಿ ಗಂಟೆಗಟ್ಟಲೆ ಬೆಂಕಿ ಉರಿಸಿ, ಕೆಂಡ ತೆಗೆದು, ಮೆಕ್ಕೆಜೋಳದ ತೆನೆಯ ಸಿಪ್ಪೆ ಹಾಸಿ ಹಿಟ್ಟು ಸುರಿಯುತ್ತಾರೆ. ಮೇಲೆ ಮತ್ತೆ ಸಿಪ್ಪೆ, ಮಣ್ಣು, ಕೆಂಡ. ನೆಲ ಸರಿಯಾಗಿ ಕಾಯದಿದ್ದರೆ ತಳ ಅಂಟಂಟಾಗಿಯೇ ಉಳಿಯುತ್ತದೆ, ಮಣ್ಣಿನ ಪದರ ತೆಳುವಾದರೆ ಮೇಲ್ಭಾಗ ಸುಟ್ಟುಹೋಗುತ್ತದೆ. ಬೆಂಕಿಯನ್ನು ಒಂದೇ ಕಡೆ ಗುಡ್ಡೆ ಹಾಕದೆ ಇಡೀ ರಾತ್ರಿ ಕಾಯಲು ಬೇರೆಯೇ ಜನ ಬೇಕು, ಏಕೆಂದರೆ ಕೊನೆಯ ರಾತ್ರಿ ಹುಡುಗಿ ಬೆಳಗಿನವರೆಗೂ ಹಾಡುಗಳ ನಡುವೆ ನಿದ್ದೆಗೆಟ್ಟು ಕೂತಿರುತ್ತಾಳೆ. ಮೊಬೈಲು ಹೊರಗಿರಲಿ, ಧ್ವನಿಮುದ್ರಣಕ್ಕೆ ಒಪ್ಪದ ಹತಾಲಿಗಳು ಅನೇಕ.

ಬೆಳಗಾಗುತ್ತಲೇ ಯಕ್ಕಾ ಎಂಬ ಗಿಡದ ಬೇರಿನ ನೊರೆಯಲ್ಲಿ ತಲೆ ತೊಳೆದು ಕೊನೆಯ ಓಟ. ಈ ದಿನಗಳಲ್ಲಿ ಹುಡುಗಿಯ ಮೈ ಹಸಿ ಮಣ್ಣಿನಂತೆ ಮೆದು ಎಂದು ಭಾವಿಸುತ್ತಾರೆ. ಹಾಗಾಗಿ ಅವಳನ್ನು ಕಂಬಳಿಗಳ ಮೇಲೆ ಮಲಗಿಸಿ ಮೈ ನೀವಲು ನಡತೆ ಮೆಚ್ಚುವಂಥ ಹೆಂಗಸನ್ನೇ ಆರಿಸುತ್ತಾರೆ. ಆಮೇಲೆ ಕೇಕ್ ಕತ್ತರಿಸಿ ಹತಾಲಿಗೆ, ಬಂದವರಿಗೆ ಹಂಚುತ್ತಾಳೆ. ತಾನು ಮಾತ್ರ ಒಂದು ತುಂಡನ್ನೂ ತಿನ್ನುವುದಿಲ್ಲ.