ಹಡಗನ್ನು ಮುಳುಗಿಸುವ ತೇವ

2009ರ ಜುಲೈ, ಮಳೆಗಾಲ. ಏಷ್ಯನ್ ಫಾರೆಸ್ಟ್ ಎಂಬ ಹಡಗು ನವಮಂಗಳೂರು ಬಂದರಿನಲ್ಲಿ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟಿತು. ಹೆಚ್ಚು ದೂರ ಹೋಗಲಿಲ್ಲ. ಒಂದು ಬದಿಗೆ ವಾಲಿತು, ಮುಳುಗಿತು. ಪುಣ್ಯಕ್ಕೆ ಸಿಬ್ಬಂದಿಯೆಲ್ಲ ಬದುಕಿದರು. ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ್ ಬಳಿ ಬ್ಲ್ಯಾಕ್ ರೋಸ್ ಎಂಬ ಹಡಗೂ ಮುಳುಗಿತು. ಅದರಲ್ಲೂ ಇದ್ದದ್ದು ಅದಿರಿನ ಪುಡಿಯೇ. ಎರಡರಲ್ಲೂ ಅನುಮಾನ ಬಿದ್ದದ್ದು ಸರಕಿನ ತೇವದ ಮೇಲೆ.

ಬಂದರಿನವರು ಈ ಪುಡಿಗೆ ಫೈನ್ಸ್ ಅಂತಾರೆ. ಲಾರಿಯಿಂದ ಸುರಿಯುವಾಗ ಒಣ ಮಣ್ಣಿನ ಹಾಗೇ ಕಾಣುತ್ತದೆ. ಆದರೆ ಕಣಗಳ ಸಂದಿಯಲ್ಲಿ ನೀರು ಇರುತ್ತದೆ. ಕಣಕ್ಕೆ ಕಣ ಒತ್ತಿಕೊಂಡಿರುವವರೆಗೂ ರಾಶಿ ಗಟ್ಟಿ. ಸಮುದ್ರದಲ್ಲಿ ಎಂಜಿನ್ನಿನ ನಡುಕ, ಅಲೆಗಳ ತೂಗಾಟ ಬಿಡುವಿಲ್ಲದೆ ನಡೆಯುತ್ತದೆ. ಕಣಗಳು ಒತ್ತೊತ್ತಾಗಿ ಕೂರುತ್ತವೆ, ಸಂದಿ ಕಿರಿದಾಗುತ್ತದೆ. ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ, ಒತ್ತಡ ಏರುತ್ತದೆ. ಕೊನೆಗೆ ಆ ನೀರೇ ಕಣಗಳನ್ನು ಬೇರೆ ಬೇರೆ ಮಾಡುತ್ತದೆ. ಗಟ್ಟಿ ರಾಶಿ ಕೆಸರಾಗಿ ಹರಿಯುತ್ತದೆ. ಪಣಂಬೂರು ಬೀಚಿನ ಒದ್ದೆ ಮರಳಲ್ಲಿ ನಿಂತು ಪಾದ ಅಲುಗಾಡಿಸಿದರೆ ಕಾಲು ಹೂತುಹೋಗುತ್ತದಲ್ವಾ, ಹಾಗೆ.

ಅದಿರು ಬಹಳ ಭಾರ. ಹೋಲ್ಡಿನ, ಅಂದರೆ ಹಡಗಿನ ಸರಕು ಕೋಣೆಯ, ತಳಭಾಗ ತುಂಬುವಷ್ಟರಲ್ಲೇ ಹಡಗು ಹೊರುವಷ್ಟು ತೂಕ ಆಗಿಬಿಡುತ್ತದೆ, ಮೇಲೆಲ್ಲ ಖಾಲಿ ಜಾಗ. ಕೆಸರು ಓಡಾಡಲು ಅಷ್ಟು ಸಾಕು. ಹಡಗು ಎಡಕ್ಕೆ ವಾಲಿದಾಗ ಎಡಕ್ಕೆ ಹರಿಯುತ್ತದೆ, ಮರಳುವಾಗ ಪೂರ್ತಿ ವಾಪಸ್ ಬರುವುದಿಲ್ಲ. ಪ್ರತಿ ತೂಗಾಟಕ್ಕೂ ವಾಲು ಜಾಸ್ತಿಯಾಗುತ್ತದೆ. ಆಮೇಲೆ ಹಡಗು ಮಗುಚಲು ಕೆಲವೇ ನಿಮಿಷ ಸಾಕು. 2015ರ ಜನವರಿಯಲ್ಲಿ ಮಲೇಷ್ಯಾದ ಕ್ವಾಂಟನ್‌ನಿಂದ ಬಾಕ್ಸೈಟ್ (ಅಲ್ಯೂಮಿನಿಯಂ ಅದಿರು) ಹೊತ್ತ ಬಲ್ಕ್ ಜೂಪಿಟರ್ ಎಂಬ ಹಡಗು ವಿಯೆಟ್ನಾಂ ಬಳಿ ಮುಳುಗಿದಾಗ 19 ಜನರಲ್ಲಿ ಉಳಿದದ್ದು ಒಬ್ಬರೇ. ಅಲ್ಲೂ ಲೋಡಿಂಗ್ ಸಮಯದಲ್ಲಿ ಜೋರು ಮಳೆ ಸುರಿದಿತ್ತು.

ನೀರು ಇರಲೇಬಾರದು ಅಂತಲ್ಲ. ಕುದುರೆಮುಖದ ಅದಿರು ಪಣಂಬೂರಿಗೆ ಬರುತ್ತಿದ್ದದ್ದೇ ನೀರಲ್ಲಿ ಕಲಸಿದ ರಾಡಿಯಾಗಿ, ಪೈಪ್‌ಲೈನಿನಲ್ಲಿ. ಹಡಗು ಹತ್ತಿಸುವ ಮುನ್ನ ನೀರನ್ನು ಸೋಸಿ ತೆಗೆಯುತ್ತಿದ್ದರು. ಎಷ್ಟು ತೇವ ಉಳಿದಿದೆ ಅನ್ನುವುದೇ ಮುಖ್ಯ.

ಇದಕ್ಕೆ ಅಂತರರಾಷ್ಟ್ರೀಯ ನಿಯಮ ಇದೆ, 2011ರಿಂದ ಕಡ್ಡಾಯ. ಸರಕು ಯಾವ ತೇವದಲ್ಲಿ ಹರಿಯಲು ಶುರುಮಾಡುತ್ತದೋ ಅದನ್ನು ಲ್ಯಾಬಿನಲ್ಲಿ ಕಂಡುಹಿಡಿಯುತ್ತಾರೆ. ಸಾಮಾನ್ಯವಾಗಿ ಅದರ ಶೇ. 90ರಷ್ಟೇ ಮಿತಿ. ಹಡಗಿನವರು ಸ್ಥಳದಲ್ಲೇ ಮಾಡುವ ಸರಳ ಪರೀಕ್ಷೆಯೂ ಇದೆ. ಡಬ್ಬಿಗೆ ಅರ್ಧ ಅದಿರು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟಬೇಕು. ಮೇಲೆ ನೀರು ಜಿನುಗಿದರೆ ಲೋಡಿಂಗ್ ನಿಲ್ಲಿಸಿ ಲ್ಯಾಬಿಗೆ ಕಳಿಸಬೇಕು. ಜಿನುಗದಿದ್ದರೂ ಸರಕು ಸುರಕ್ಷಿತ ಅನ್ನುವ ಹಾಗಿಲ್ಲ.

ನಮ್ಮ ಕರಾವಳಿಗೆ ಎಲ್ಲಕ್ಕಿಂತ ಬೇಕಾದ ನಿಯಮ ಇನ್ನೊಂದು. ತೇವ ಅಳೆದು ಏಳು ದಿನಕ್ಕಿಂತ ಜಾಸ್ತಿ ಆಗಿರಬಾರದು. ನಡುವೆ ತೆರೆದ ರಾಶಿಯ ಮೇಲೆ ಜೋರು ಮಳೆ ಬಿತ್ತೋ, ಹಳೆಯ ಸರ್ಟಿಫಿಕೇಟ್ ನಡೆಯುವುದಿಲ್ಲ. ಮತ್ತೆ ಅಳೆಯಬೇಕು. ಬರ್ತಿನ (ಹಡಗು ನಿಲ್ಲುವ ಕಟ್ಟೆಯ) ಬಾಡಿಗೆ ಏರುತ್ತಿದ್ದರೂ, ವ್ಯಾಪಾರಿ ಅವಸರ ಮಾಡಿದರೂ, ಅನುಮಾನ ಬಂದ ಸರಕನ್ನು ಬೇಡ ಅನ್ನುವ ಹಕ್ಕು ಕ್ಯಾಪ್ಟನ್‌ಗೆ ಇದೆ.